ರಜೆ ಬಂತು ಅಂದ್ರೆ ಮಲ್ಪೆ ಕಡೆ ತಲೆ ಹಾಕುವ ಹಾಗಿಲ್ಲ

ವರ್ಷವಿಡೀ ಬೆವರು ಒರೆಸಿಕೊಂಡೇ ಬದುಕುವ ಉಡುಪಿಯವರಿಗೆ ಚಳಿ ಅಂತ ಸಿಗೋದು ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಾತ್ರ. ಅದೂ 20 ಡಿಗ್ರಿ ಆಸುಪಾಸು. ಬೆಂಗಳೂರಿನವರು ಕೇಳಿದರೆ ನಗ್ತಾರೆ, ನಗಲಿ ಬಿಡಿ. ಬಿಸಿಲೇರಿದರೆ ಮತ್ತೆ ಅದೇ ಸೆಖೆ.

ಕ್ರಿಸ್‌ಮಸ್ ರಜೆ ಶುರುವಾದರೆ ಆ ಬೆಳಗೂ ನಮ್ಮ ಕೈಗೆ ಸಿಗೋದಿಲ್ಲ. ಆದಿಉಡುಪಿಯಿಂದ ಮಲ್ಪೆಯವರೆಗೆ ಬರೀ ಟಿಟಿ, ಬಸ್ಸು, ಕಾರು. ಮಧ್ಯೆ ಬಂದರಿನಿಂದ ಬರುವ ಮೀನಿನ ಲಾರಿ ಸಿಕ್ಕಿಹಾಕಿಕೊಂಡು ಮಂಜುಗಡ್ಡೆ ಕರಗಿದ ನೀರನ್ನು ರಸ್ತೆಗೆ ಸುರಿಸುತ್ತಾ ನಿಂತಿರುತ್ತದೆ, ಅದರ ಹಿಂದೆ ಸ್ಕೂಟರಿನಲ್ಲಿ ನಾನು, ಆ ನೀರು ನನ್ನ ಕಾಲ ಮೇಲೆ! ಹೇಗೋ ತಲುಪಿದರೆ ಗಾಡಿ ನಿಲ್ಲಿಸಲು ಜಾಗ ಇಲ್ಲ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಅಂದರೆ ಬೋಟಿನ ಕ್ಯೂ ನೋಡಿಯೇ ಸುಸ್ತು. ಮಳೆಗಾಲದಲ್ಲಿ ಬೋಟ್ ಬಂದ್, ಈಗ ಜನಸಾಗರ, ನಾವು ಹೋಗೋದು ಯಾವಾಗ? ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಆರಿ ಆದ ಕಂಬದಂಥ ಕಲ್ಲುಗಳು ಅಲ್ಲಿರೋದು. ಅವುಗಳ ಸಂದಿಯಲ್ಲಿ ಚಿಪ್ಸ್ ಪ್ಯಾಕೆಟ್ ತುರುಕಿ ಬರೋರಿಗೆ ಏನು ಹೇಳೋದು ಮಾರಾಯ್ರೆ.

ಜನ ಬರಲಿ, ನಾಲ್ಕು ಜನರಿಗೆ ವ್ಯಾಪಾರ ಆಗುತ್ತದೆ, ಅದು ಬೇಡ ಅನ್ನುತ್ತಿಲ್ಲ. ಆದರೆ ಗಾಡಿ ನಿಲ್ಲಿಸೋಕೆ ದೂರದಲ್ಲೊಂದು ಜಾಗ ಮಾಡಿ ಅಲ್ಲಿಂದ ಬಸ್ ಬಿಡಬಹುದು ಅಲ್ವಾ? ಇದರ ಮೇಲೆ ರಜೆಗೆ ಬಂದ ಭಾವ ಹೇಳ್ತಾರೆ, "ನಿಮಗೇನು, ದಿನಾ ಬೀಚು!"