ಮೂಗಿನ ನೇರಕ್ಕೆ ಬಿದ್ದ ಚೆಂಡು

ನಿವೃತ್ತನಾದ ಗಣಿತದ ಮೇಷ್ಟ್ರಿಗೆ ಬರಬಾರದ ಕಷ್ಟ ಅಂದರೆ ಸರಳರೇಖೆಯೇ ಕೈಕೊಡುವುದು. 33 ವರ್ಷ ಸ್ಕೇಲಿಲ್ಲದೆ ಬೋರ್ಡಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದವನು ನಾನು. ಗೆರೆ ಸೊಟ್ಟಗಿದೆ ಅಂತ ಒಬ್ಬ ಹುಡುಗನೂ ಹೇಳಿದ್ದಿಲ್ಲ (ಹೇಳುವ ಧೈರ್ಯ ಇರಲಿಲ್ಲ ಅನ್ನುವುದು ಬೇರೆ ಮಾತು). ಅಂಥವನು ಕೋಲಾರದ ನಮ್ಮ ಸ್ವಂತ ಮನೆಯಲ್ಲಿ, 10 ಅಡಿ ದೂರ ಮಲಗಿಸಿದ ಚೊಂಬಿನೊಳಕ್ಕೆ ಒಂದು ಚೆಂಡನ್ನು ನೆಟ್ಟಗೆ ಉರುಳಿಸಲಾರದೆ ಹದಿನೈದು ದಿನ ಒದ್ದಾಡಿದೆ.

ತಪ್ಪೆಲ್ಲ ಅಳಿಯಂದಿರದು. ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಗಾಲ್ಫ್. ಹೊಸ ಪಟರ್ (ಚೆಂಡನ್ನು ಗುಂಡಿಗೆ ಉರುಳಿಸುವ ಕೋಲು) ಕೊಂಡಮೇಲೆ ಹಳೆಯದನ್ನೂ ನಾಲ್ಕು ಚೆಂಡನ್ನೂ ನಮ್ಮ ಮನೆಯಲ್ಲಿ ಬಿಟ್ಟು, "ಮಾವ, ಸುಮ್ನೆ ಕೂತು ಪೇಪರ್ ಓದೋ ಬದಲು ಇದನ್ನ ಆಡಿ" ಅಂದರು. ನನ್ನ ಹೆಂಡತಿ ಅದನ್ನು ಬಾಗಿಲ ಹಿಂದೆ ಒರಗಿಸಿದಳು. ಮಹಡಿ ಮೇಲಿನ ಹಪ್ಪಳಕ್ಕೆ ಕೈಹಾಕುವ ಕೋತಿಗಳಿಗೆ ಒಳ್ಳೆ ಆಯುಧ ಸಿಕ್ಕಿತು ಅಂತ ಅವಳ ಲೆಕ್ಕ. ಆಮೇಲೆ ನಡೆದದ್ದನ್ನು ನೋಡಿದರೆ ಅವಳ ಲೆಕ್ಕವೇ ಸರಿಯಿತ್ತು.

ಗಾಲ್ಫ್ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಜಿಎಫ್‌ಗೆ ಬಂದು ಚಿನ್ನಕ್ಕೆ ಗುಂಡಿ ತೋಡಿತು. ಗಣಿಯ ದೊರೆಗಳು ಸಂಜೆ ಹೊತ್ತು ಚೆಂಡಿಗೆ ಗುಂಡಿ ತೋಡಿಕೊಂಡರು. ಚಿನ್ನದ ಗುಂಡಿ 2001ರಲ್ಲಿ ಮುಚ್ಚಿತು. ನಾವು ಬೀದಿಯಲ್ಲಿ ಗೋಲಿ ಆಡಿ ಬೆಳೆದವರು. ಹೆಬ್ಬೆರಳು ನೆಲಕ್ಕೂರಿ, ಮಧ್ಯದ ಬೆರಳು ಹಿಂದಕ್ಕೆಳೆದು ಬಿಟ್ಟರೆ ಆರು ಮಾರು ದೂರದ ಗೋಲಿ ಟಕ್ಕಂತ ಹಾರುತ್ತಿತ್ತು. ಕಣ್ಣು ಎಲ್ಲಿಡಬೇಕು ಅಂತ ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಹಾರುತ್ತಿತ್ತೋ ಏನೋ.

ಮೊದಲು ಅಂಕಿಅಂಶಕ್ಕೆ ಇಳಿದೆ. ಗಾಲ್ಫ್ ಗುಂಡಿಯ ವ್ಯಾಸ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ಅಷ್ಟೋತ್ತರ! ಇದು ನಮ್ಮವರೇ ಕಂಡುಹಿಡಿದ ಆಟ ಇರಬೇಕು ಅಂತ ಅನುಮಾನ ಬಂತು. "108 ಅಂದ್ರೆ ಆಂಬುಲೆನ್ಸ್ ಕೂಡಾ, ಬಗ್ಗುವಾಗ ನೋಡ್ಕೊಂಡು ಬಗ್ಗಿ" ಅಂದಳು ಇವಳು. ಚೆಂಡಿನ ವ್ಯಾಸ ಸುಮಾರು 43 ಮಿಲಿಮೀಟರ್. ಗುಂಡಿಯೊಳಗೆ ಎರಡು ಚೆಂಡು ಅಕ್ಕಪಕ್ಕ ಕೂತರೂ ಇನ್ನೂ ಜಾಗ ಮಿಗುತ್ತದೆ. ಇಷ್ಟು ದೊಡ್ಡ ಬಾಯಿಗೆ ಇಷ್ಟು ಸಣ್ಣ ತುತ್ತು ಹಾಕುವುದು ಯಾವ ಮಹಾ ವಿದ್ಯೆ ಅಂದುಕೊಂಡು ಟ್ಯಾಂಜೆಂಟ್ ಹಾಕಿ ನೋಡಿದೆ. 10 ಅಡಿ ದೂರದಿಂದ ಹೊಡೆಯುವಾಗ ಬರೀ 1 ಡಿಗ್ರಿ ತಪ್ಪಿದರೆ ಚೆಂಡು 5.3 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗುಂಡಿಯ ಅರ್ಧ ಅಗಲವೇ 5.4. ಅಂದರೆ 1 ಡಿಗ್ರಿಗೆ ಚೆಂಡು ಅಂಚಿನ ಮೇಲೆ ತೂಗಾಡುತ್ತದೆ, 2 ಡಿಗ್ರಿಗೆ ತಿರುಗಿಯೂ ನೋಡದೆ ಹೋಗುತ್ತದೆ. ಕೋನ ಬರೆಯುವ ಪ್ರಶ್ನೆಯಲ್ಲಿ 2 ಡಿಗ್ರಿ ಹೆಚ್ಚುಕಮ್ಮಿಯಾದರೂ ಪೂರ್ತಿ ಅಂಕ ಕೊಟ್ಟ ಕೈ ಇದು. ಚೊಂಬು ಆ ಔದಾರ್ಯ ತೋರಿಸಲಿಲ್ಲ.

ಚೆಂಡು ಪ್ರತಿ ಸಲವೂ ಎಡಕ್ಕೇ ಹೋಯಿತು. ಎಡಕ್ಕೆ ಹೋಗಿ, ಮೂಲೆಯ ಬೀರುವಿನ ಕೆಳಗೆ ನುಗ್ಗಿ, ಅಲ್ಲೇ ಸಂಸಾರ ಹೂಡಿತು.

ಅಳಿಯಂದಿರಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ನಿಲುವನ್ನು ನೋಡಿ, "ಮಾವ, ಕಣ್ಣು ಚೆಂಡಿನ ಮೇಲೆ ನೇರಕ್ಕೆ ಇರಬೇಕು, ಇಲ್ಲಾ ಒಂದಿಷ್ಟು ನಿಮ್ಮ ಕಡೆಗೆ. ಚೆಂಡು ದಾಟಿ ಆಚೆ ಹೋದ್ರೆ ಗುರಿ ಎಡಕ್ಕೆ ಕಾಣುತ್ತೆ, ತುಂಬಾ ಈಚೆ ಬಂದ್ರೆ ಬಲಕ್ಕೆ" ಅಂದರು. ಪರೀಕ್ಷೆಯೂ ಸುಲಭವಂತೆ. ಹೊಡೆಯುವ ಭಂಗಿಯಲ್ಲಿ ಬಗ್ಗಿ ನಿಂತು, ಎರಡು ಕಣ್ಣಿನ ನಡುವೆ, ಮೂಗಿನ ಬುಡಕ್ಕೆ ಇನ್ನೊಂದು ಚೆಂಡು ಹಿಡಿದು ಬಿಡಬೇಕು. ಅದು ಹೋಗಿ ಕೆಳಗಿನ ಚೆಂಡಿನ ಮೇಲೆ ಬಿದ್ದರೆ ಪಾಸು.

ಬಿಟ್ಟೆ. ಲಂಬವಾಗಿ ಬಿದ್ದದ್ದು ಲಂಬವಾಗಿಯೇ ಏಳುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು. ಗಾಲ್ಫ್ ಚೆಂಡು ಗಟ್ಟಿ ನೆಲದಿಂದ ಎಷ್ಟು ಎತ್ತರಕ್ಕೆ ಪುಟಿಯುತ್ತದೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ಠಣ್ಣಂತ ಬಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಅದೇ ದಾರಿ ಹಿಡಿದು ಮೇಲೆ ಬಂದು, ಎಲ್ಲಿ ಬಿತ್ತು ಅಂತ ಇನ್ನಷ್ಟು ಬಗ್ಗಿದ್ದ ನನ್ನ ಗದ್ದಕ್ಕೊಂದು ಕೊಟ್ಟು, ಕನ್ನಡಕ ಎಗರಿಸಿ, ಎಡಕ್ಕೆ ಹೋಯಿತು. ಫೋನಿನಲ್ಲಿ ಅಳಿಯಂದಿರು ಕ್ಯಾಮೆರಾ ಆಫ್ ಮಾಡಿದರು. ನಗುವುದಕ್ಕೆ ಅಂತ ನನಗೆ ಗೊತ್ತು. ದೊಡ್ಡವರೆಂಬ ಮರ್ಯಾದೆ ಇಟ್ಟುಕೊಂಡಿದ್ದಾರೆ.

ಎರಡನೇ ಸಲ ನೆಲಕ್ಕೆ ಜಮಖಾನ ಹಾಸಿ ಬಿಟ್ಟೆ. ಚೆಂಡಿನಿಂದ ನಾಲ್ಕು ಬೆರಳು ಆಚೆ ಬಿತ್ತು. ಯಾಕೆ ಆಚೆ ಅಂತ ಯೋಚಿಸಿದಾಗ ಕಳ್ಳ ಸಿಕ್ಕಿದ್ದು ಕನ್ನಡಕದಲ್ಲಿ. ನನ್ನದು ಪ್ರೋಗ್ರೆಸಿವ್, ಮೇಲ್ಭಾಗ ದೂರಕ್ಕೆ, ಕೆಳಭಾಗ ಪಂಚಾಂಗಕ್ಕೆ. ಕಾಲ ಬುಡದ ಚೆಂಡು ದೂರವೂ ಅಲ್ಲ, ಪಂಚಾಂಗವೂ ಅಲ್ಲ. ಕೆಳಭಾಗದಲ್ಲಿ ನೋಡಿದರೆ ಚೆಂಡು ಆವಿಯಲ್ಲಿ ಬೆಂದ ಇಡ್ಲಿಯ ಹಾಗೆ ಮಸುಕು, ಗಾಜಿನ ಅಂಚಿನಲ್ಲಿ ನೋಡಿದರೆ ಪಟರಿನ ಗೆರೆಯೇ ಬಾಗುತ್ತದೆ. ಹಾಗಾಗಿ ನನಗೇ ತಿಳಿಯದೆ ಗದ್ದವನ್ನು ಎದೆಗೆ ಒತ್ತಿ, ಕತ್ತು ಮುಂದಕ್ಕೆ ಚಾಚಿ, ಮೇಲ್ಭಾಗದಲ್ಲಿ ಇಣುಕುತ್ತಿದ್ದೆ. ತಲೆ ಚೆಂಡು ದಾಟಿ ಆಚೆ ಹೋಗದೆ ಇನ್ನೇನು ಮಾಡೀತು?

"ನೆಲಕ್ಕೆ ಕನ್ನಡಿ ಇಟ್ಟು ನೋಡಿ ಮಾವ, ಎಲ್ಲರೂ ಹಾಗೇ ಅಭ್ಯಾಸ ಮಾಡೋದು" ಅಂತ ಮುಂದಿನ ಸಲಹೆ. ಕನ್ನಡಿ ಮೇಲೆ ಚೆಂಡಿಟ್ಟು ಬಗ್ಗಿದರೆ ನಮ್ಮ ಕಣ್ಣೇ ಚೆಂಡಿನ ಹಿಂದೆ ಮರೆಯಾಗಬೇಕಂತೆ. ಗೋಡೆಯ ಕನ್ನಡಿ ಬಿಚ್ಚಿ ನೆಲಕ್ಕಿಟ್ಟು ಬಗ್ಗಿದೆ. ಕಣ್ಣಿನ ಮಾತು ಹಾಗಿರಲಿ, 64 ವರ್ಷದ ಮುಖವನ್ನು ಕೆಳಗಿನಿಂದ ಯಾರೂ ನೋಡಬಾರದು. ಬಗ್ಗಿದಾಗ ಕೆನ್ನೆ ಎರಡೂ ಜೋತು ಮುಂದಕ್ಕೆ ಬರುತ್ತವೆ, ಮೂಗಿನ ಹೊಳ್ಳೆಯೊಳಗೆ ನಾನು ಕಂಡೇ ಇರದ ಒಂದು ಕುರುಚಲು ಕಾಡು. ನಮ್ಮೂರ ಕೋಲಾರಮ್ಮನ ಉಗ್ರರೂಪವನ್ನು ನೇರ ನೋಡಬಾರದು, ಎದುರಿನ ಕನ್ನಡಿಯಲ್ಲೇ ದರ್ಶನ ಮಾಡಬೇಕು ಅನ್ನುವ ರೂಢಿ ಇದೆ. ಇವಳು ಸೊಂಟಕ್ಕೆ ಕೈಕೊಟ್ಟು ನಿಂತು, "ಅಮ್ಮನ್ನ ಕನ್ನಡೀಲಿ ನೋಡಿದ್ರೆ ಪುಣ್ಯ ಬರುತ್ತೆ. ನಿಮ್ಮನ್ನ ನೋಡಿದ್ರೆ ಏನ್ರೀ ಬರುತ್ತೆ? ಎತ್ತಿಡಿ, ತಲೆ ಬಾಚ್ಕೋಬೇಕು" ಅಂದಳು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಬಲಗೈ, ಎಡಗೈ ಇರುವ ಹಾಗೆ ಕಣ್ಣಿನಲ್ಲೂ ಯಜಮಾನ ಒಂದೇ ಇರುತ್ತದೆ. ಗುರಿ ಹಿಡಿಯುವುದು ಅದು, ಇನ್ನೊಂದು ಹಿಂಬಾಲಕ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈ ಜೋಡಿಸಿ ನಡುವೆ ಸಣ್ಣ ತ್ರಿಕೋನದ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ಅದರೊಳಗೆ ಹಿಡಿಯಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ನಿಲ್ಲುತ್ತದೋ ಅದು ಯಜಮಾನ. ಮಹಡಿಗೆ ಹೋದೆ. ಅಂತರಗಂಗೆ ಬೆಟ್ಟ ಹಿಡಿಯೋಣ ಅಂದರೆ ಕಿಂಡಿಗಿಂತ ದೊಡ್ಡದು. ಪಕ್ಕದಲ್ಲಿ ಕಟ್ಟುತ್ತಿದ್ದ ಹೊಸ ಮನೆಯ ಸಜ್ಜೆಯ ಮೂಲೆ ಚೂಪಾಗಿ, ಹೇಳಿಮಾಡಿಸಿದ ಹಾಗಿತ್ತು. ಅದನ್ನೇ ಹಿಡಿದು ಎಡಗಣ್ಣು ಮುಚ್ಚಿದೆ, ಬಲಗಣ್ಣು ಮುಚ್ಚಿದೆ. ಖಚಿತವಾಗಲಿ ಅಂತ ಇನ್ನೆರಡು ಮೂಲೆ ಬದಲಾಯಿಸಿ ಹತ್ತು ಸಲ ನೋಡಿ, ಮರೆಯಬಾರದೆಂದು ಚೀಟಿಯಲ್ಲಿ ಬರೆದುಕೊಂಡೆ.

ಸಂಜೆಗೆ ಆ ಮನೆಯ ಯಜಮಾನರು ಒಂದು ಬುಟ್ಟಿ ಮಾವಿನಹಣ್ಣು ಹಿಡಿದು ಬಂದರು. "ಶ್ರೀನಿವಾಸಪುರದ ತೋಟದ್ದು ಮೇಷ್ಟ್ರೇ, ಬಾದಾಮಿ." ಎರಡು ವರ್ಷದಲ್ಲಿ ನಮ್ಮ ಹೊಸಿಲು ತುಳಿದವರಲ್ಲ. ಕಾಫಿ ಕುಡಿದು, ಫ್ಯಾನ್ ನೋಡಿ, ಮಳೆ ವಿಚಾರ ಮಾತಾಡಿ, ಕೊನೆಗೆ, "ಬೆಳಿಗ್ಗೆ ಮೇಲೆ ನಿಂತು ಏನೋ ನೋಡಿ ಬರ್ಕೊಳ್ತಿದ್ರಂತೆ" ಅಂದರು.

"ಹೌದೌದು. ಎಡಗಣ್ಣೋ ಬಲಗಣ್ಣೋ ಅಂತ ನೋಡ್ತಿದ್ದೆ."

"ಒಂದು ಕಣ್ಣು ಮುಚ್ಕೊಂಡ್ರೆ ಎಲ್ಲಾ ಸರಿಹೋಗುತ್ತೆ ಅಲ್ವಾ ಮೇಷ್ಟ್ರೇ."

"ಅದೇ ನಾನೂ ಹೇಳೋದು. ಆದರೆ ಯಾವ ಕಣ್ಣು ಮುಚ್ಚಬೇಕು ಅಂತ ಗೊತ್ತಾಗಬೇಕಲ್ಲ. ನಾಳೆ ಇನ್ನೊಂದು ಸಲ ನೋಡ್ತೀನಿ. ನಮ್ಮ ಅಳಿಯಂದಿರಿಗೆ ಎಲ್ಲಾ ಕಳಿಸ್ಬೇಕು."

ಅವರ ಮುಖ ಯಾಕೆ ಇಳಿಯಿತೋ ತಿಳಿಯಲಿಲ್ಲ. ಮರುದಿನ ರಸಪುರಿ ಬಂತು, ಇನ್ನೂ ದೊಡ್ಡ ಬುಟ್ಟಿಯಲ್ಲಿ. ಕೋಲಾರದವರ ಮನಸ್ಸೇ ಹಾಗೆ, ಸಿಹಿ ಅಂತ ಇವಳ ಹತ್ತಿರ ಹೊಗಳಿದೆ. ನನ್ನ ಯಜಮಾನ ಕಣ್ಣು ಎಡದ್ದು ಅಂತಲೂ ತೀರ್ಮಾನವಾಯಿತು. ಗೆದ್ದ ಹಾಗೆಯೇ ಕುಣಿದೆ. ಅದನ್ನು ತಿಳಿದುಕೊಂಡು ಏನು ಮಾಡಬೇಕು ಅಂತ ಕೇಳಿದರೆ ಅಳಿಯಂದಿರು, "ಅದು ಒಬ್ಬೊಬ್ಬರಿಗೆ ಒಂದೊಂಥರ ಮಾವ. ಅಮೆರಿಕದ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ತಲೇನ ಚೆಂಡಿಗಿಂತ ಹಿಂದಕ್ಕಿಟ್ಟು ಕುಕ್ಕರಿಸಿದ ಹಾಗೆ ಬಗ್ಗಿ ಹೊಡೀತಿದ್ರು, 18 ಮೇಜರ್ ಗೆದ್ರು, ಅಂದ್ರೆ ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳು" ಅಂದುಬಿಟ್ಟರು. ಹಾಗಾದರೆ ನನ್ನ ಗದ್ದಕ್ಕೆ ಪೆಟ್ಟು ಬಿದ್ದದ್ದು ಯಾಕೆ?

ಮೂರನೇ ದಿನ ಬಂದದ್ದು ಹಣ್ಣಲ್ಲ, ಆ ಮನೆ ಕಟ್ಟುತ್ತಿದ್ದ ಮೇಸ್ತ್ರಿ. ಕಿವಿ ಮೇಲೆ ಬೀಡಿ, ಕೈಯಲ್ಲಿ ದಾರ ಸುತ್ತಿದ ತೂಕದ ಗುಂಡು. "ಓನರ್ರು ಕಳ್ಸಿದ್ರು ಸಾಮಿ. ನಿಮಗೇನೋ ಅಳತೆ ಅನುಮಾನ ಐತಂತೆ, ಗುಂಡು ಬಿಟ್ಟೇ ತೋರಿಸಿ ಬಾ ಅಂದ್ರು."

ನಾನು ದೇವರೇ ಬಂದ ಹಾಗೆ ಕೈಹಿಡಿದು ಒಳಗೆ ಎಳೆದುಕೊಂಡೆ. ಪಟರ್ ಹಿಡಿದು ಬಗ್ಗಿ, "ಇಲ್ಲಿಂದ ಬಿಡಿ" ಅಂತ ಮೂಗಿನ ಬುಡ ತೋರಿಸಿದೆ. ಆತ ಒಂದು ಗಳಿಗೆ ನನ್ನನ್ನು ನೋಡಿ, ಬಾಗಿಲಲ್ಲಿ ನಿಂತಿದ್ದ ಇವಳನ್ನು ನೋಡಿದ. ಇವಳು ಬಿಡಿ ಅನ್ನುವ ಹಾಗೆ ಕೈ ಆಡಿಸಿದಳು. ದಾರದ ತುದಿಯನ್ನು ಹೆಬ್ಬೆರಳಿನಿಂದ ನನ್ನ ಹುಬ್ಬಿನ ನಡುವೆ ಒತ್ತಿ ಗುಂಡು ಇಳಿಬಿಟ್ಟ. ನಾಲ್ಕು ಬೆರಳು ಆಚೆ. "ಕನ್ನಡಕ ತೆಗೀರಿ ಸಾಮಿ." ಪ್ರೋಗ್ರೆಸಿವ್ ತೆಗೆದು ಡ್ರಾಯರಿನಲ್ಲಿದ್ದ ಹಳೆಯ ದೂರದ ಕನ್ನಡಕ ಹಾಕಿದೆ. ಗದ್ದ ತಾನಾಗಿ ಸಡಿಲವಾಯಿತು, ಕತ್ತು ಹಿಂದೆ ಬಂತು. ಗುಂಡು ತೂಗಿ ತೂಗಿ ಚೆಂಡಿನ ನೆತ್ತಿಯ ಮೇಲೆ ಬಂದು ನಿಂತಿತು. ಆ ಗುಂಡು ನಿಂತ ಕ್ಷಣದ ಸುಖವನ್ನು ಪಿಂಚಣಿ ಮಂಜೂರಾದ ದಿನವೂ ಅನುಭವಿಸಿರಲಿಲ್ಲ.

ಹೊಡೆದೆ. ಚೆಂಡು ಮೂರು ಅಡಿ ನೆಟ್ಟಗೆ ಹೋಗಿ, ಏನೋ ನೆನಪಾದ ಹಾಗೆ ಎಡಕ್ಕೆ ತಿರುಗಿ, ಬೀರುವಿನ ಕೆಳಗೆ ಹೋಯಿತು.

ಮೇಸ್ತ್ರಿ ಚೆಂಡಿನ ಜಾಗದ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೆಲವನ್ನೇ ನೋಡಿದ. ಟಿವಿಯಲ್ಲಿ ಗಾಲ್ಫ್ ಆಡುವವರು ಥೇಟ್ ಹೀಗೇ ಕೂರುತ್ತಾರೆ; ಸೊಂಟ ನೋವಿಗೆ ಅಂದುಕೊಂಡಿದ್ದೆ. ಆಮೇಲೆ ಇವಳ ಹತ್ತಿರ ಒಂದು ಲೋಟ ನೀರು ಕೇಳಿದ. ಕುಡಿಯುತ್ತಾನೆ ಅಂದುಕೊಂಡರೆ ನೆಲಕ್ಕೆ ಸುರಿದ. ನೀರು ಹಾವಿನ ಹಾಗೆ ತಲೆಯೆತ್ತಿ, ಎಡಕ್ಕೆ ಹರಿದು, ಬೀರುವಿನ ಕೆಳಗೆ ಸೇರಿತು.

"98ರಲ್ಲಿ ಈ ನೆಲ ಹಾಕಿದ್ದು ನಾನೇ ಸಾಮಿ. ತೊಳೆದ ನೀರು ಒಂದು ತೊಟ್ಟೂ ನಿಲ್ಲಬಾರದು, ವಾಟ ಚೆನ್ನಾಗಿ ಕೊಡಪ್ಪಾ ಅಂತ ನೀವೇ ತಲೆ ಮೇಲೆ ನಿಂತು ಕೊಡಿಸಿದ್ರಿ. ಆ ಮೂಲೆನಾಗೆ ತೂಬು ಐತೆ."

ಬೀರು ಸರಿಸಿದರೆ ತೂಬು ಇತ್ತು. ತೂಬಿನ ಬಾಯಿಗೆ ಮೂರು ಚೆಂಡು, ಎರಡು ಪೆನ್ನು, ಮೊಮ್ಮಗನ ಒಂದು ಗೋಲಿ ಒಟ್ಟಿಗೆ ಕೂತಿದ್ದವು. ಇವಳು ಏನೂ ಮಾತಾಡದೆ ನೆಲ ಒರೆಸುವ ಬಟ್ಟೆ ತಂದು ನನ್ನ ಕೈಗೆ ಕೊಟ್ಟಳು.

ಹೊರಡುವಾಗ ಮೇಸ್ತ್ರಿ ಬಾಗಿಲಲ್ಲಿ ತಡೆದು ದನಿ ತಗ್ಗಿಸಿದ. "ಸಾಮಿ, ಆ ಸಜ್ಜೆ ವಿಚಾರ... ನಗರಸಭೆಗೇನೂ ಅರ್ಜಿ ಗಿರ್ಜಿ ಕೊಡಲ್ಲ ತಾನೇ? ಓನರ್ರು ಎರಡು ರಾತ್ರಿ ಮಲಗಿಲ್ಲ."

"ಯಾವ ಸಜ್ಜೆ?" ಅಂದೆ. ದೂರದ ಕನ್ನಡಕ ಇನ್ನೂ ಮೂಗಿನ ಮೇಲೇ ಇತ್ತು. ಕಿಟಕಿಯಿಂದ ತಲೆಯೆತ್ತಿ ಎರಡೂ ಕಣ್ಣಲ್ಲಿ ನೋಡಿದೆ. ಸಜ್ಜೆ ಕಾಂಪೌಂಡ್ ದಾಟಿ, ನಮ್ಮ ದಾಳಿಂಬೆ ಗಿಡದ ಮೇಲಕ್ಕೆ, ಏನಿಲ್ಲವೆಂದರೂ ಒಂದೂವರೆ ಅಡಿ ಬಂದು ನಿಂತಿತ್ತು.

ಒಳಗೆ ಇವಳು ಕೊನೆಯ ರಸಪುರಿ ಹೆಚ್ಚುತ್ತಿದ್ದಳು.