ಮೆಗಾವ್ಯಾಟ್ ಉಂಟು, ಗಂಟೆ ಕೇಳಬೇಡಿ

ಸೌರವಿದ್ಯುತ್ತನ್ನು ಕೂಡಿಡುವ ಬೃಹತ್ ಬ್ಯಾಟರಿ ಘಟಕಗಳ ಉದ್ಘಾಟನೆಗೆ ಲೋಕದಲ್ಲೆಲ್ಲ ಒಂದೇ ವಿಧಿ: ಮೆಗಾವ್ಯಾಟ್‌ಗಳನ್ನು ದಪ್ಪಕ್ಷರಗಳಲ್ಲಿ ಸಾರಬೇಕು, ಎಷ್ಟು ಗಂಟೆ ಎಂದು ಯಾರೂ ಕೇಳಬಾರದು. ಮೆಗಾವ್ಯಾಟ್ ಹೇಳುವುದು ವಿದ್ಯುತ್ತು ಎಷ್ಟು ರಭಸದಿಂದ ಹರಿಯುತ್ತದೆ ಎಂಬುದನ್ನು, ಎಷ್ಟು ಹೊತ್ತು ಹರಿಯುತ್ತದೆ ಎಂಬುದನ್ನಲ್ಲ. ನಲ್ಲಿಯ ಅಗಲವನ್ನು ಕೊಂಡಾಡಿ ತೊಟ್ಟಿಯ ಆಳವನ್ನು ಮುಚ್ಚಿಡುವ ಈ ಲೆಕ್ಕದಲ್ಲಿ ಲಕ್ಷಾಂತರ ಮನೆಗಳು ಬೆಳಗುತ್ತವೆ. ಯಾವಾಗ ಆರುತ್ತವೆ ಎಂಬುದು ಮಾತ್ರ ಪತ್ರಿಕಾ ಪ್ರಕಟಣೆಯಲ್ಲಿ ಇರುವುದಿಲ್ಲ.

2017ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ ತಲೆಯೆತ್ತಿದ, ಆಗ ಜಗತ್ತಿಗೇ ದೊಡ್ಡದೆನಿಸಿದ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 100 ಮೆಗಾವ್ಯಾಟ್. ಅದರ ಹೊಟ್ಟೆಯೊಳಗಿನ ಸಂಗ್ರಹ 129 ಮೆಗಾವ್ಯಾಟ್ ಗಂಟೆ. ಪೂರ್ಣ ಶಕ್ತಿಯಲ್ಲಿ ಹರಿಸಿದರೆ ಒಂದೂಕಾಲು ಗಂಟೆ ದಾಟುವಷ್ಟರಲ್ಲಿ ಬರಿದು. ಗ್ರಿಡ್‌ನ, ಅಂದರೆ ವಿದ್ಯುತ್ ಜಾಲದ, ಆವರ್ತನ (ವಿದ್ಯುತ್ತು ಮಿಡಿಯುವ ಲಯ) ತಪ್ಪಿದಾಗ ಕ್ಷಣಾರ್ಧದಲ್ಲಿ ಅದನ್ನು ಸಾವರಿಸುವುದು ಅದರ ನಿಜವಾದ ಹೆಚ್ಚುಗಾರಿಕೆ, ಆ ಕೆಲಸವನ್ನು ಅದು ಸೊಗಸಾಗಿಯೇ ಮಾಡಿ ತೋರಿಸಿತು. ಆದರೆ ಆವರ್ತನದ ಮೇಲೆ ಭಾಷಣ ಮಾಡಿದರೆ ಚಪ್ಪಾಳೆ ಬೀಳುವುದುಂಟೆ? ಹಾಗಾಗಿ ಇಂಥ ವೇದಿಕೆಗಳಲ್ಲಿ ರಾತ್ರಿಯನ್ನೇ ಗೆದ್ದುಬಿಡುವುದು ವಾಡಿಕೆ.

ತುಂಬಿದ ನೂರು ಯೂನಿಟ್‌ಗಳಲ್ಲಿ ಮರಳಿ ಕೈಸೇರುವುದು ಸುಮಾರು 85. ಮಿಕ್ಕಿದ್ದು ಶಾಖವಾಗುತ್ತದೆ, ಆ ಶಾಖವನ್ನು ಹೊರಹಾಕುವ ಯಂತ್ರಗಳೂ ಅದೇ ವಿದ್ಯುತ್ತನ್ನು ಉಣ್ಣುತ್ತವೆ. ಬಿಸಿಲಿನಿಂದ ಪಡೆದದ್ದರ ಒಂದು ಪಾಲು ಬ್ಯಾಟರಿಯನ್ನು ಬಿಸಿಲಿನಿಂದ ಕಾಪಾಡುವುದಕ್ಕೇ ಸಲ್ಲುತ್ತದೆ. ಬ್ಯಾಟರಿಯೊಳಗಿನ ಕೋಶಗಳು ಬಳಸಿದರೂ ಸವೆಯುತ್ತವೆ, ಬಳಸದೆ ಇಟ್ಟರೂ ಸವೆಯುತ್ತವೆ. ಶಿಲಾಫಲಕದ ಮೇಲಿನ ಅಂಕಿಗೆ ಮಾತ್ರ ಮುಪ್ಪಿಲ್ಲ. ಈಗ ಎಲ್ಲರೂ ಮೆಚ್ಚುವ ಲಿಥಿಯಂ ಐರನ್ ಫಾಸ್ಫೇಟ್ ಬಗೆಯ ಕೋಶಗಳ ವೋಲ್ಟೇಜು ಚಾರ್ಜು ಇಳಿಯುತ್ತಿದ್ದರೂ ಬಹುಪಾಲು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ಒಳಗೆ ಎಷ್ಟು ಉಳಿದಿದೆ ಎಂಬುದನ್ನು ನಿಯಂತ್ರಣ ತಂತ್ರಾಂಶವೂ ಅಂದಾಜಿನಲ್ಲಿಯೇ ಹೇಳಬೇಕು. ಅಂದಾಜು ಬೇಡದ ಏಕೈಕ ವ್ಯಕ್ತಿ ಉದ್ಘಾಟಕ.

ಬೆಂಕಿಯ ಪ್ರಸ್ತಾಪವನ್ನಂತೂ ಶುಭಕಾರ್ಯದಲ್ಲಿ ಎತ್ತುವಂತಿಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ಮೆಕ್‌ಮಿಕನ್ ಘಟಕದಲ್ಲಿ ಕೋಶವೊಂದು ಕಾದು ಕೆಟ್ಟಾಗ ಬೆಂಕಿ ನಂದಿಸುವ ಅನಿಲ ಹೇಳಿದಂತೆಯೇ ಚಿಮ್ಮಿತು. ಆದರೆ ಕೋಶದಿಂದ ಕೋಶಕ್ಕೆ ಹಬ್ಬುತ್ತಿದ್ದ ಕಾವು ಅದಕ್ಕೆ ಜಗ್ಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ದಹನಶೀಲ ಅನಿಲಗಳು ತುಂಬಿಕೊಂಡು, ಬಾಗಿಲು ತೆರೆದ ಬಳಿಕ ಸ್ಫೋಟಿಸಿ, ಅಗ್ನಿಶಾಮಕ ಸಿಬ್ಬಂದಿಯೇ ಗಾಯಗೊಂಡರು. ಈ ಪಾಠದ ನಂತರ ಹೊಸ ಘಟಕಗಳ ಪೆಟ್ಟಿಗೆಗಳನ್ನು ಬಯಲಿನಲ್ಲಿ ಅಂತರವಿಟ್ಟು ನಿಲ್ಲಿಸುವ ಪದ್ಧತಿ ಬೆಳೆದಿದೆ ಎಂಬುದನ್ನೂ ಒಪ್ಪಬೇಕು. ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಮಾತ್ರ 300 ಮೆಗಾವ್ಯಾಟ್‌ನ ಬ್ಯಾಟರಿಗಳು ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೇ ಒತ್ತಾಗಿ ಕುಳಿತಿದ್ದವು. 2025ರ ಜನವರಿಯಲ್ಲಿ ಅವು ಹೊತ್ತಿಕೊಂಡಾಗ ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಅಗ್ನಿಶಾಮಕ ದಳ ಅನುಸರಿಸಿದ್ದು ದೂರ ನಿಂತು ಉರಿಯಲು ಬಿಡುವ ಕ್ರಮವನ್ನು; ಇಂಥ ಬೆಂಕಿಯ ಮಟ್ಟಿಗೆ ಅದೇ ವಿವೇಕವಂತೆ. ಪೂರ್ಣ ಶಕ್ತಿಯಲ್ಲಿ ನಾಲ್ಕು ಗಂಟೆ ವಿದ್ಯುತ್ ಕೊಡಲೆಂದು ಕಟ್ಟಿದ ಆ ಘಟಕ ಮರುದಿನವೂ ಉರಿಯುತ್ತಿತ್ತು, ಫೆಬ್ರುವರಿಯಲ್ಲಿ ಇನ್ನೊಮ್ಮೆ ಹೊತ್ತಿಕೊಂಡಿತು.