ಪಹಣಿಯಲ್ಲಿ ತಾತ ಚಿರಂಜೀವಿ

ನಮ್ಮ ತಾತ ತೀರಿಕೊಂಡು ಮೂರು ದಶಕದ ಮೇಲಾಯಿತು. ಆದರೆ ಸರ್ಕಾರದ ಲೆಕ್ಕದಲ್ಲಿ ಅವರು ಊರಲ್ಲೇ ಇದ್ದರು. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರಾಗಿ ಕೂತು, ಹನ್ನೆರಡನೇ ಕಾಲಂನಲ್ಲಿ ವರ್ಷಾವರ್ಷ ತಪ್ಪದೆ ರಾಗಿ ಬೆಳೆಯುತ್ತಿದ್ದರು. ಬರಗಾಲದಲ್ಲೂ ಅವರ ರಾಗಿ ಕೈಕೊಟ್ಟಿದ್ದಿಲ್ಲ. ಆ ಹೊಲದಲ್ಲಿ ನಿಜಕ್ಕೂ ಇರುವುದು ತೆಂಗಿನ ತೋಟ. ಈಚೆಗೆ ಬೆಳೆ ಸಮೀಕ್ಷೆಗೆಂದು ಹುಡುಗರು ಮೊಬೈಲ್ ಹಿಡಿದು ಬಂದು ಫೋಟೊ ತೆಗೆದ ಮೇಲೆ ರಾಗಿ ಹೋಗಿ ತೆಂಗು ಬಂತು. ತಾತ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಇದು ನಮ್ಮೊಬ್ಬರ ಮನೆಯ ಕತೆಯಲ್ಲ. ನಮ್ಮೂರ ಪಹಣಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಜೀವಂತ ಇರುವವರಿಗಿಂತ ಸ್ವರ್ಗಸ್ಥರೇ ಹೆಚ್ಚು ವ್ಯವಸಾಯ ಮಾಡುತ್ತಿದ್ದಾರೆ. ತಿಥಿಗೆ ವಡೆ ಪಾಯಸ ಮಾಡುವುದನ್ನು ಯಾರೂ ಮರೆಯುವುದಿಲ್ಲ, ಸತ್ತವರ ಹೆಸರು ತೆಗೆಸಿ ವಾರಸುದಾರರ ಹೆಸರು ಏರಿಸುವ ಪೌತಿ ಖಾತೆಗೆ ಅರ್ಜಿ ಕೊಡುವುದು ಯಾರಿಗೂ ನೆನಪಾಗುವುದಿಲ್ಲ. ನಮಗೂ ನೆನಪಾಗುತ್ತಿರಲಿಲ್ಲ, ಚಿಕ್ಕಪ್ಪನ ಮಗನಿಗೆ ಹನಿ ನೀರಾವರಿಯ ಸಬ್ಸಿಡಿ ಬೇಕಾಗದೇ ಹೋಗಿದ್ದರೆ. ಅರ್ಜಿ ನೋಡಿದವರು, "ಮಾಲೀಕರನ್ನ ಕರ್ಕೊಂಡ್ಬಂದು ಒಂದು ಸೈನ್ ಹಾಕ್ಸಿಬಿಡಿ, ಅಷ್ಟೆ" ಅಂದರಂತೆ.

ಮಾಲೀಕರ ವಿವರ ಕಣ್ಣುಬಿಟ್ಟು ನೋಡಿದ್ದು ಆಗಲೇ. ತಾತನ ಹೆಸರಿನ ಒಂದು ಒತ್ತಕ್ಷರ ಉದುರಿಹೋಗಿತ್ತು. ಅದು ಹೋಗಲಿ ಅಂದರೆ, 'ಬಿನ್' ಇರಬೇಕಾದ ಕಡೆ 'ಕೋಂ' ಬಂದು ಕೂತಿತ್ತು. ಅಂದರೆ ಕಂದಾಯ ದಾಖಲೆಯ ಪ್ರಕಾರ ನಮ್ಮ ತಾತ ಅವರ ಅಪ್ಪನ ಧರ್ಮಪತ್ನಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯವರು ಕೈಬರಹದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರಲ್ಲ, ರಾಜ್ಯದಲ್ಲಿ ಒಟ್ಟು ಸುಮಾರು 2 ಕೋಟಿ ದಾಖಲೆ. ಬೆಳಗಿನಿಂದ ಸಂಜೆಯವರೆಗೆ ಊರೂರ ತಿಮ್ಮಯ್ಯ ಬೋರಯ್ಯಂದಿರನ್ನು ಟೈಪು ಮಾಡುತ್ತಾ ಕೂತ ಯಾವನೋ ಹುಡುಗನಿಗೆ ಮಧ್ಯಾಹ್ನದ ಮುದ್ದೆ ಕಣ್ಣಿಗೆ ಹತ್ತಿರಬೇಕು. ನನಗೆ ಅವನ ಮೇಲೆ ಸಿಟ್ಟಿಲ್ಲ. ಆ ಹೊತ್ತಿನಲ್ಲಿ ತಾತನನ್ನು ಎರಡನೇ ಹೆಂಡತಿ ಮಾಡಲಿಲ್ಲವಲ್ಲ, ಅದೇ ಸಮಾಧಾನ.

ತಿದ್ದುಪಡಿಗೆ ಮೂಲಪತ್ರ ಬೇಕು ಅಂದರು. ಮೂಲಪತ್ರ ಅಂದರೆ ಅಜ್ಜಿಯ ಟ್ರಂಕು. ಅದರೊಳಗಿಂದ ಹಳೇ ಪಂಚಾಂಗ, ಯಾರದೋ ಲಗ್ನಪತ್ರಿಕೆ, ಕಂದಾಯದ ರಸೀದಿ, ರೇಡಿಯೊ ಲೈಸೆನ್ಸಿನ ಪುಸ್ತಕ ಎಲ್ಲ ಬಂದಮೇಲೆ ತಳದಲ್ಲಿ 1958ರ ಕ್ರಯಪತ್ರ ಸಿಕ್ಕಿತು. ಎಂಟು ಮಡಿಕೆ ಮಡಿಸಿಟ್ಟಿದ್ದ ಛಾಪಾ ಕಾಗದ ಬಿಚ್ಚಿದ ಕೂಡಲೇ ಎಂಟು ಚೂರಾಯಿತು. ಯಾರೂ ಕೇಳದೆಯೇ ಮೊದಲ ವಿಭಾಗ ಅಲ್ಲೇ ಮುಗಿಯಿತು. ಇನ್ನೊಂದು ತೊಡಕಿತ್ತು. ಅಜ್ಜಿ ಆ ಪತ್ರವನ್ನು ಸಾಕ್ಷಾತ್ ಲಕ್ಷ್ಮಿ ಅಂತ ನಂಬಿದ್ದವಳು. ಪ್ರತಿವರ್ಷ ಆಯುಧಪೂಜೆಯ ದಿನ ಕುಡುಗೋಲು, ನೇಗಿಲು, ಸೇರು, ಪಾವುಗಳ ಜೊತೆ ಪತ್ರವನ್ನೂ ಸಾಲಿನಲ್ಲಿಟ್ಟು ಪೂಜೆ ಮಾಡುತ್ತಿದ್ದಳು. ಅರಿಶಿನ ಕುಂಕುಮ ಇಡಲು ಅವಳಿಗೆ ಪ್ರಶಸ್ತವಾಗಿ ಕಂಡ ಜಾಗ ಒಂದೇ, ಸರ್ವೆ ನಂಬರು. ಆ ಸರ್ವೆ ನಂಬರು ಈಗ ಗೌರಮ್ಮನ ಮುಖದಷ್ಟು ಕೆಂಪಗಿದೆ, ಓದಲು ಮಾತ್ರ ಬರುವುದಿಲ್ಲ.

ಉಳಿದ ಒಕ್ಕಣೆ ಓದಿದರೆ ಮೈ ಜುಮ್ಮೆನ್ನುತ್ತದೆ. ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತವಾಗಿ, ಪುತ್ರ ಪೌತ್ರ ಪಾರಂಪರ್ಯವಾಗಿ, ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದು! ವಿಜಯನಗರದ ಅರಸರು ಅಗ್ರಹಾರ ದಾನ ಕೊಟ್ಟಾಗ ಶಾಸನದಲ್ಲಿ ಕೆತ್ತಿಸುತ್ತಿದ್ದ ಮಾತುಗಳೇ ಇವು. ನಮ್ಮ ಒಂದೂಕಾಲು ಎಕರೆ ಕೆಮ್ಮಣ್ಣಿಗೂ ಅಷ್ಟೇ ಮರ್ಯಾದೆ. ನೆಲದೊಳಗೆ ಹೂತಿಟ್ಟ ನಿಧಿ ನಮ್ಮದು, ಕಲ್ಲು ನಮ್ಮದು, ಮುಂದೆ ಬರಬಹುದಾದ ಲಾಭವೂ ನಮ್ಮದು. ಹೊಲಕ್ಕೆ ಹೋಗುವ ದಾರಿ ಯಾರದು ಅನ್ನುವುದನ್ನು ಮಾತ್ರ ಬರೆದಿಲ್ಲ. ಹಳೇ ಶಾಸನಗಳ ಕೊನೆಯಲ್ಲಿ, ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಶಾಪವೂ ಇರುತ್ತಿತ್ತು. ಕ್ರಯಪತ್ರದವರು ಅದನ್ನು ತೆಗೆದು 'ತಂಟೆ ತಕರಾರು ಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ' ಅಂತ ಮಾಡಿದ್ದಾರೆ. ಈಗಿನ ವಕೀಲರ ಫೀಸು ನೋಡಿದರೆ ಹುಳುವಾಗುವುದೇ ಅಗ್ಗ.

ಚಕ್ಕುಬಂದಿಯದು ಇನ್ನೊಂದು ಚೆಂದ. ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಗಾಡಿ ಜಾಡು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇದೇ ಖಾತೆದಾರರ ಬಾಬ್ತು ಉಳಿಕೆ ಜಮೀನು. ಹುಣಸೆಮರ ಯಾರದೋ ಮದುವೆಯ ಸೌದೆಯಾಗಿ ಉರಿದುಹೋಯಿತು. ಗಾಡಿ ಜಾಡು ಟಾರು ರಸ್ತೆಯಾಯಿತು. ಹಳ್ಳಕ್ಕೆ ನೀರು ಮರೆತುಹೋಗಿ ಈಗ ಅದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. 'ಇದೇ ಖಾತೆದಾರರ' ಮೊಮ್ಮಕ್ಕಳು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಅನ್ನುವುದು ಅವರವರಿಗೇ ಗೊತ್ತಿಲ್ಲ.

ಪತ್ರ ಹರಿದರೇನು, ನೋಂದಣಿಯಾಗಿದ್ದರೆ ಅದರ ಪ್ರತಿ ಉಪನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ಇದ್ದೇ ಇರುತ್ತದೆ. 1908ರ ನೋಂದಣಿ ಕಾಯಿದೆಯ ಪ್ರಕಾರ ಶುಲ್ಕ ಕಟ್ಟಿದ ಯಾರು ಬೇಕಾದರೂ ಆ ಪುಸ್ತಕ ನೋಡಬಹುದು, ದೃಢೀಕೃತ ನಕಲು ಪಡೆಯಬಹುದು. ನಾನು ಮೊದಲು ಮನೆಯಲ್ಲೇ ಕೂತು ನೋಂದಣಿ ಇಲಾಖೆಯ ಕಾವೇರಿ ಜಾಲತಾಣ ತೆರೆದೆ. ಅಲ್ಲಿ ಆಸ್ತಿಯ ವ್ಯವಹಾರಗಳನ್ನೆಲ್ಲ ತೋರಿಸುವ ಋಣಭಾರ ಪತ್ರ 2004ರಿಂದ ಈಚಿನದು ಸಿಗುತ್ತದೆ. 2004ರಿಂದ ಈಚೆಗೆ ತಾತ ಯಾವ ವ್ಯವಹಾರವನ್ನೂ ಮಾಡಿರಲಿಲ್ಲ ಅನ್ನುವುದು ಖಚಿತವಾಯಿತು. ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. ಹೋದರೆ, ಆ ಕಾಲಕ್ಕೆ ನಮ್ಮ ಹೋಬಳಿ ಇನ್ನೊಂದು ತಾಲ್ಲೂಕಿಗೆ ಸೇರಿತ್ತು, ಪುಸ್ತಕ ಅಲ್ಲಿದೆ ಅಂದರು. ಅಲ್ಲಿ ಹೋದರೆ, ಸರ್ವೆ ನಂಬರು ಹೇಳಿ ಅಂದರು. ಕುಂಕುಮ ತೋರಿಸಿದೆ. ಗುಮಾಸ್ತರು ಕೈ ಮುಗಿದರು. ಭಕ್ತಿಯಿಂದಲೋ ಬೇಸರದಿಂದಲೋ ತಿಳಿಯಲಿಲ್ಲ.

ಕೊನೆಗೆ ಕೈ ಹಿಡಿದವರು ಕಚೇರಿಯ ಎದುರಿನ ಹೊಂಗೆಮರದ ಕೆಳಗಿನ ಪತ್ರಬರಹಗಾರರು. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಲ್ಯಾಪ್‌ಟಾಪು, ಕಾಲಬುಡದಲ್ಲಿ ಬ್ಯಾಟರಿ. ಅರ್ಧ ತಾಲ್ಲೂಕಿನ ಮನೆತನಗಳ ಒಳಗುಟ್ಟು ಅವರ ನಾಲಿಗೆಯ ತುದಿಯಲ್ಲಿದೆ. ಹೆಸರಿನ ಸೂಚಿಯಲ್ಲಿ ಕೊಂಡವನ ಹೆಸರು ಸಿಗದಿದ್ದರೆ ಮಾರಿದವನದ್ದು ನೋಡಿ, ಅದೂ ಸಿಗದಿದ್ದರೆ ಅಡ್ಡಹೆಸರು ನೋಡಿ ಅಂತ ಹೇಳಿಕೊಟ್ಟವರು ಅವರೇ. ತಾತ ಜಮೀನನ್ನು ಎರಡು ತುಂಡಾಗಿ, ಬೇರೆಬೇರೆ ಪತ್ರದಲ್ಲಿ ಕೊಂಡಿದ್ದರು. ದೊಡ್ಡ ತುಂಡಿನ ಪತ್ರ ತಾತನ ಅಡ್ಡಹೆಸರಿನ ಕೆಳಗೆ ಸಿಕ್ಕಿತು. ಆ ಅಡ್ಡಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ. ಸಬ್‌ರಿಜಿಸ್ಟ್ರಾರರ ಮುಂದೆ ತಾತ ಅದನ್ನು ತಾವೇ ಬರೆಸಿದ್ದರು ಅನ್ನುವುದು ನನಗೆ ಹೊಸ ಸುದ್ದಿ.

ಚಿಕ್ಕ ತುಂಡಿನ ಪತ್ರ ಮಾತ್ರ ಎಲ್ಲೂ ಇಲ್ಲ. ಪತ್ರಬರಹಗಾರರು ಟ್ರಂಕಿನಲ್ಲಿ ಸಿಕ್ಕಿದ್ದ ಇನ್ನೊಂದು ಬಿಡಿ ಕಾಗದ ನೋಡಿ ನಕ್ಕುಬಿಟ್ಟರು. "ಎಷ್ಟಕ್ಕೆ ಕೊಂಡಿದ್ದಾರೆ ನೋಡಿ." ನೋಡಿದೆ, 99 ರೂಪಾಯಿ. "ನಿಮ್ಮ ತಾತ ಬಲು ಪಾಕಡಾ ಸ್ವಾಮಿ." 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲಿ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯಕ್ಕೆ ನೋಂದಣಿ ಕಡ್ಡಾಯ, ಅದಕ್ಕಿಂತ ಕಮ್ಮಿಯಾದರೆ ಸ್ವಾಧೀನ ಬಿಟ್ಟುಕೊಟ್ಟರೂ ನಡೆಯುತ್ತದೆ. ಬಾಟಾ ಚಪ್ಪಲಿಯ ಬೆಲೆಗಿಂತ ಮೊದಲೇ ಈ ತೊಂಬತ್ತೊಂಬತ್ತರ ಮಹಿಮೆಯನ್ನು ಹಳ್ಳಿಯವರು ಕಂಡುಕೊಂಡಿದ್ದರು. ತಾತ ಉಳಿಸಿದ ನೋಂದಣಿ ಶುಲ್ಕ ಎಷ್ಟೋ ಏನೋ, ಮೊಮ್ಮಕ್ಕಳು ಅದನ್ನು ಬಸ್ ಚಾರ್ಜಿನಲ್ಲೇ ತೀರಿಸಿದೆವು. ಪುಣ್ಯಕ್ಕೆ ಖಾತೆ ಬದಲಾವಣೆ ಬರೆದಿಡುವ ಹಳೇ ಮ್ಯುಟೇಶನ್ ವಹಿಯಲ್ಲಿ ಆ ಕ್ರಯದ ನಮೂದು ಇತ್ತು.

'ಕೋಂ' ಹೋಗಿ 'ಬಿನ್' ಬಂತು, ತಾತನಿಗೆ ಗಂಡಸುತನ ವಾಪಸ್ಸಾಯಿತು, ಹಿಂದೆಯೇ ಪೌತಿ ಖಾತೆಯೂ ಆಗಿ ಅವರು ನಿಜವಾಗಿ ತೀರಿಕೊಂಡರು. ಇನ್ನು ಉಳಿದದ್ದು ಭಾಗ. ಭಾಗಕ್ಕೆ ಮೊದಲು ಯಾವ ತುಂಡು ಎಲ್ಲಿ ಅಂತ ತೋರಿಸುವ 11ಇ ನಕ್ಷೆ ಬೇಕು, ನಕ್ಷೆಗೆ ಅಳತೆ ಬೇಕು. ಭೂಮಾಪಕರು ಬಂದ ದಿನ ಊರಿಗೆ ಊರೇ ಬದುವಿನ ಮೇಲೆ ನಿಂತಿತ್ತು, ತಮ್ಮ ಹೊಲ ಎಷ್ಟು ಹೋಗುತ್ತದೋ ಅನ್ನುವ ಭಯ ಎಲ್ಲರಿಗೂ. ನೈಋತ್ಯದ ಗಡಿಕಲ್ಲು ಜಾಗದಲ್ಲಿರಲಿಲ್ಲ. ಪಕ್ಕದ ಹೊಲದವರ ಎಮ್ಮೆ ಅದಕ್ಕೆ ಕಟ್ಟಿಸಿಕೊಂಡು ಅವರ ಕೊಟ್ಟಿಗೆಯ ಮುಂದೆ ಮೆಲುಕು ಹಾಕುತ್ತಿತ್ತು. "ನಮ್ಮಪ್ಪನ ಕಾಲದಿಂದ ಇಲ್ಲೇ ಅದೆ" ಅಂದರು. ಹಾಗಾದರೆ ನಮ್ಮ ಜಮೀನು ನಿಮ್ಮ ಕೊಟ್ಟಿಗೆಯವರೆಗೂ ಬರುತ್ತದೆ ಅಂತ ಚಿಕ್ಕಪ್ಪನ ಮಗ ಹೇಳಿದ ಮೇಲೆ, ಕಲ್ಲು ಅಪ್ಪನ ಕಾಲದ್ದಲ್ಲ ಅಂತ ಅವರಿಗೇ ಜ್ಞಾಪಕ ಬಂತು.

ಅಳತೆಯ ಲೆಕ್ಕ ಬಂದದ್ದು ಎಕರೆ, ಗುಂಟೆ, ಆಣೆಯಲ್ಲಿ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲವಾದರೆ ಗುಂಟೆ. ಅದರ ಹದಿನಾರನೇ ಒಂದು ಭಾಗ ಆಣೆ. ನಲವತ್ತು ಗುಂಟೆಗೆ ಎಕರೆ. 1957ರಲ್ಲಿ ನಯಾಪೈಸೆ ಬಂದು ದೇಶದ ಜೇಬಿನಿಂದ ಆಣೆ ಹೊರಟುಹೋಯಿತು, ನಮ್ಮ ಹೊಲಕ್ಕೆ ಆ ಸುದ್ದಿ ಮುಟ್ಟಿಲ್ಲ. ಭಾಗ ಮಾಡುವಾಗ ಆಣೆಗಾಗಿಯೇ ಅಣ್ಣತಮ್ಮಂದಿರು ಮುಖ ಊದಿಸಿಕೊಂಡದ್ದು. ಒಂದು ಆಣೆ ಅಂದರೆ ಸುಮಾರು ಅರವತ್ತೆಂಟು ಚದರಡಿ. ಎರಡು ಮಂಚ ಹಾಕಿದರೆ ತುಂಬುತ್ತದೆ.

ವಿಭಾಗಪತ್ರದ ದಿನ ಭದ್ರಾವತಿಯಿಂದ ಅತ್ತೆ ಬಂದರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತ್ತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅತ್ತೆಗೆ ಎರಡು ಇಸವಿಯೂ ಬಾಯಿಪಾಠ. ಫೋಟೊ ತೆಗೆಯುತ್ತಾರೆ ಅಂತ ಗೊತ್ತಿದ್ದದ್ದರಿಂದ ಕಾಸಿನಸರ ಹಾಕಿಕೊಂಡು, ಧಾರೆ ಸೀರೆಯುಟ್ಟು ಬಂದಿದ್ದರು. ಕ್ಯಾಮೆರಾದವನು ಹಿಡಿದದ್ದು ಮುಖವನ್ನಷ್ಟೆ. "ಸರ ಬಂತೇನಪ್ಪಾ?" ಅಂತ ಅವರು ಬಗ್ಗಿ ಕೇಳಿದ್ದರಿಂದ ಮುಖವೂ ಅಲ್ಲಾಡಿತು. ಬೆರಳಚ್ಚು ಬೀಳಲೇ ಇಲ್ಲ. ಜೀವಮಾನವಿಡೀ ಪಾತ್ರೆ ಉಜ್ಜಿದ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಒರೆಸಿ, ಒತ್ತಿ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯನ್ನೇ ಸವರಿ, ಅಂತೂ ಯಂತ್ರ ಒಪ್ಪಿಕೊಂಡಿತು. ಸಾಕ್ಷಿಗೆ ಟೀ ಅಂಗಡಿಯವರು ಬಂದರು. ಅವರ ರುಜು ಇಲ್ಲದ ಪತ್ರ ಆ ತಾಲ್ಲೂಕಿನಲ್ಲಿ ಕಮ್ಮಿಯಂತೆ. ಪತ್ರಬರಹಗಾರರು ಒಕ್ಕಣೆಯನ್ನು ಸತ್ಯನಾರಾಯಣನ ಕತೆಯ ಐದನೇ ಅಧ್ಯಾಯದ ವೇಗದಲ್ಲಿ ಓದಿದರು, ಎಲ್ಲರೂ ತಲೆಯಾಡಿಸಿ ರುಜು ಹಾಕಿ ಹೋಟೆಲಿಗೆ ನಡೆದೆವು.

ಖಾತೆ ಬದಲಾವಣೆಗೆ ನೋಟಿಸು ಅಂಟಿಸಿದರು, ಆಕ್ಷೇಪಣೆ ಇದ್ದವರು ಸಲ್ಲಿಸಬಹುದು ಅಂತ. ಕೊಟ್ಟಿಗೆಯವರು ಏನಾದರೂ ಕೊಕ್ಕೆ ಹಾಕುತ್ತಾರೆ ಅಂದುಕೊಂಡಿದ್ದೆವು. ಆಕ್ಷೇಪಣೆ ಬಂದದ್ದು ದೊಡ್ಡಪ್ಪನಿಂದ. ಪತ್ರಕ್ಕೆ ನಗುನಗುತ್ತಾ ರುಜು ಹಾಕಿ, ಮಸಾಲೆದೋಸೆ ತಿಂದು ಹೋದವರು! ಓಡಿಹೋಗಿ ಕೇಳಿದರೆ ಜಗಲಿಯ ಮೇಲೆ ಮುಖ ತಿರುಗಿಸಿ ಕೂತಿದ್ದರು.

"ಜಮೀನು ಕಮ್ಮಿ ಬಂತಾ ದೊಡ್ಡಪ್ಪ?"

"ಜಮೀನು ಸರಿಯಾಗೇ ಅದೆ."

"ಮತ್ತೇನು? ಬಾವಿ ಪಾಲಾ?"

"ಬಾವೀಲಿ ನೀರೆಲ್ಲದೆ? ಓದಿ ನೋಡು ಪತ್ರಾನ. ನಿಮ್ಮಪ್ಪಂದು ಎ ಷೆಡ್ಯೂಲು. ಚಿಕ್ಕೋನದ್ದು ಬಿ ಷೆಡ್ಯೂಲು. ಮನೆಗೆ ಹಿರೇಮಗ ನಾನು, ನಂಗೆ ಸಿ?"

ಅಕ್ಷರ ಬದಲಾಯಿಸಬೇಕಾದರೆ ತಿದ್ದುಪಡಿ ಪತ್ರ ಆಗಬೇಕು, ಮತ್ತೆ ಎಲ್ಲರೂ ಬಂದು ರುಜು ಹಾಕಬೇಕು ಅಂದರು ಪತ್ರಬರಹಗಾರರು. ಭದ್ರಾವತಿಗೆ ಫೋನು ಮಾಡಿದೆ. ಅತ್ತೆ ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು.

"ಬರ್ತೀನಿ, ಅದಕ್ಕೇನು. ನಂದು ಡಿ ತಾನೇ? ಹೆಂಗೂ ತಿದ್ದುಸ್ತಾ ಇದೀರಲ್ಲ, ಎ ನಂಗೇ ಹಾಕ್ಸಿ. ಫೋಟೊನೂ ಇನ್ನೊಂದ್ಸಲ ತೆಗೀತಾರಾ ಕೇಳು."